ನಿನ್ನ ಇಕ್ಕಳ ಹಿಡಿದ ಶನಿವಾರ

ಗರ್ಸ್ವಿನ್,

ಈ ಕಾಗದವನ್ನು ಕಳಿಸುವುದಿಲ್ಲ. ಆದರೂ ನಿನ್ನ ಹೊಟ್ಟೆ ಉರಿಯಲಿ ಎಂದೇ ಬರೆಯುತ್ತಿದ್ದೇನೆ.

ನಿನ್ನ ಜೀವದ ಗೆಳೆಯ ಡೆನ್ಜಿಲ್, ಅವನ ಹೆಂಡತಿ ಮರ್ಲ್ ಎರಡು ದಿನ ಇಲ್ಲೇ ಇದ್ದರು. ಏಪ್ರಿಲ್ ಅಲ್ಲವೇ, ನಮ್ಮ ಈ ದಕ್ಷಿಣದ ನಾಡಿನಲ್ಲಿ ಚಳಿಗಾಲ ಹತ್ತಿರ ಬಂತು; ದ್ರಾಕ್ಷಿ ಬಳ್ಳಿಯ ಎಲೆಯೆಲ್ಲ ಕೆಂಪಾಗಿ ಉದುರುತ್ತಿದೆ. ಶನಿವಾರ ಮಧ್ಯಾಹ್ನ, ನೀನು ಬಿಟ್ಟುಹೋದ ಹಿತ್ತಲಿನಲ್ಲೇ ಕೆಂಡ ಮಾಡಿ ಮಾಂಸ ಸುಟ್ಟೆವು.

ಇಲ್ಲಿಯ ಗಂಡಸರ ಕಟ್ಟಳೆ ನಿನಗೆ ಗೊತ್ತಲ್ಲ: ಇಕ್ಕಳ ಹಿಡಿದವನೇ ಬೆಂಕಿಯ ಯಜಮಾನ, ಬೇರೆ ಯಾರೂ ಮಾಂಸ ಮುಟ್ಟಬಾರದು. ಹನ್ನೆರಡು ವರ್ಷ ನನ್ನನ್ನು ಸಲಾಡ್ ಹೆಚ್ಚಲು ಕೂರಿಸಿದವನು ನೀನು. ಈಗ ನನ್ನ ಜೊತೆಗಿರುವ ಲುಂಗಾನ ಕಡೆಗೆ ಡೆನ್ಜಿಲ್ ನಿನ್ನ ಹಳೆಯ ಇಕ್ಕಳ ಚಾಚಿದ.

"ನಂಗ್ಯಾಕಪ್ಪಾ? ಮನೆ ಅವಳ್ದು, ಬೆಂಕೀನೂ ಅವಳ್ದೇ. ನಾನು ಈರುಳ್ಳಿ ಹೆಚ್ತೀನಿ," ಅಂದ ಲುಂಗಾ.

ನಾನೇ ಸುಟ್ಟೆ. ಡೆನ್ಜಿಲ್ ಬೆರಳು ನೆಕ್ಕುತ್ತ ಹೇಳಿದ, "ನಿಜ ಹೇಳ್ಲಾ ಲಿಯೋನಿ? ಗರ್ಸ್ವಿನ್ ಸುಟ್ಟಿದ್ದು ಯಾವಾಗ್ಲೂ ಚಪ್ಪಲಿ ಥರ ಇರ್ತಿತ್ತು. ಸ್ನೇಹಕ್ಕೆ ಅಂತ ತಿಂತಿದ್ವಿ."

"ನಾನಂತೂ ನಾಯಿಗೆ ಹಾಕ್ತಿದ್ದೆ," ಅಂದಳು ಮರ್ಲ್.

ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ಎಲ್ಲರಿಗೂ ಬಡಿಸಿದ ಮೇಲೆ ನೋಡಿದರೆ ಕೆಂಡದ ಮೇಲೆ ಒಂದು ತುಂಡು ಉಳಿದಿತ್ತು. ನಿನಗೆ ಬೇಕಾದ ಹಾಗೆ, ಅಂಚು ಕರಿಯಾಗುವವರೆಗೆ ನನ್ನ ಕೈ ತನ್ನಷ್ಟಕ್ಕೇ ಅದನ್ನು ಬೆಂಕಿಯ ಮೇಲೆ ಬಿಟ್ಟಿತ್ತು. ನಾಯಿ ಅಲ್ಲೇ ಕಾಯುತ್ತಿತ್ತು. ಅದಕ್ಕೆ ಹಾಕದೆ, ಅಡುಗೆಮನೆಯಲ್ಲಿ ನಿಂತು ನಾನೇ ತಿಂದೆ.

ಚಪ್ಪಲಿಯ ಹಾಗೆಯೇ ಇತ್ತು.

ಲಿಯೋನಿ