ಚಿಕ್ಕವಳಿಗೆ, ಅಕ್ಕನ ಮದುವೆಮನೆಯಿಂದ

ಪುಟ್ಟಿ,

...ಅಲ್ಲ, ತಡಿ, ಈ ವಾಯ್ಸ್ ಮೆಸೇಜ್ ಮತ್ತೆ ಮೊದಲಿಂದ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀನು ಅಲ್ಲಿಂದ ಕಳಿಸಿದ ಗೋಪುರದ ಫೋಟೋ ಬಂತು. ಬೀದಿ ಕೊನೆವರೆಗೂ ಒಬ್ಬಳನ್ನೇ ಬಿಡದ ಅಪ್ಪ, ಪರದೇಶದಲ್ಲಿ ಊರು ನೋಡೋಕೆ ಹೇಗೆ ಕಳಿಸಿದ ಅಂತ ಕೇಳ್ತಿದ್ದೆಯಲ್ಲ? ನೀನು ಹೇಳಿದ ಹಾಗೆ ನೀನು ಮೆಚ್ಚಿದ ಹುಡುಗನ ಮನೆಗೆ ನಾನು ಮದುವೆ ಮಾತಿಗೆ ಹೋಗಿದ್ದೆ. ಹುಡುಗ ಅಪ್ಪಟ ಚಿನ್ನ, ನಿಜ. ಆದ್ರೆ ಅಕ್ಕ ಇರೋವಾಗ ತಂಗಿಗೆ ಹೇಗಮ್ಮ ಕೊಡೋದು? ನಿನಗೆ ಅವನು ಬೇಡ, ಅದಕ್ಕೇ ನೀನು ಹೊರಟುಹೋದೆ ಅಂತ ನಾನೇ ಅವನಿಗೆ ಹೇಳಿದೆ. ನಿನ್ನ ಹೊಸ ನಂಬರ್ ಕೊಡಲಿಲ್ಲ. ಪಾಪ, ಊಟ ಬಿಟ್ಟು ಕೂತಿದ್ದ, ಆಮೇಲೆ ಅಕ್ಕನನ್ನ ಮದುವೆ ಆಗೋಕೆ ಹೂಂ ಅಂದ. ಈಗ ತಾನೇ ತಾಳಿ ಕಟ್ಟಿದ. ಅಕ್ಕನಿಗೆ ಇದ್ಯಾವುದೂ ಗೊತ್ತಿಲ್ಲ, ಅವಳು ಫೋನ್ ಮಾಡಿದಾಗ ನಗ್ತಾ ಮಾತಾಡು. ಬರೋವಾಗ ಅವಳಿಗೊಂದು ಒಳ್ಳೆ ಶಾಲು ತಾ.

"ಮಾವ, ಊಟಕ್ಕೆ ಬನ್ನಿ, ಎಲ್ರೂ ಕಾಯ್ತಿದಾರೆ."

ಬಂದೆ ಕಣಪ್ಪ. ಅವನೇ ಕರೀತಿರೋದು, ಧ್ವನಿ ಕೇಳಿಸ್ತಲ್ಲ? ಫೋನ್ ಇಡ್ತೀನಿ.

ನಿನ್ನ ಅಪ್ಪ