ಹಿತ್ತಲ ಬಾಗಿಲಿಗೆ ಬಂದ ರಾಜಮಹ್ಮದ

ಇಳಕಲ್ಲ
೧೮-೨-೨೦೨೫, ಮಂಗಳವಾರ

ಚಿರಂಜೀವಿ ಸತ್ಯಬೋಧನಿಗೆ ನಿನ್ನ ಅವ್ವ ಮನಸಾರೆ ಮಾಡುವ ಆಶೀರ್ವಾದಗಳು.

ಹೇಗಿದ್ದೀಯಪ್ಪಾ? ಬೆಂಗಳೂರಿನ ಬೆಳಗಿನ ಥಂಡಿ ನಿನಗೆ ಆಗಿಬರುವುದಿಲ್ಲ, ಕಿವಿಗೆ ಮಫ್ಲರ್ ಸುತ್ತಿಕೋ. ಪಿತ್ತದ ಗುಳಿಗೆ ತಪ್ಪಿಸಬೇಡ. ಊರಿಗೆಲ್ಲ ಔಷಧ ಬರೆದುಕೊಡುವ ಮನುಷ್ಯ ತನ್ನ ಗುಳಿಗೆ ಮಾತ್ರ ಮರೆಯುತ್ತಾನೆ ಎಂದು ರಂಜನಾ ಗೊಣಗುತ್ತಾಳೆ. ಹೆಂಡತಿ, ಗೊಣಗಲಿ ಬಿಡು. ರೊಟ್ಟಿ ಸಿಗದಿದ್ದರೆ ಮಜ್ಜಿಗೆ ಅನ್ನವನ್ನಾದರೂ ಉಣ್ಣು, ಬರೀ ಚಹಾದ ಮೇಲೆ ದಿನ ದೂಡಬೇಡ. ನಾವಿಬ್ಬರೂ ಇಲ್ಲಿ ಆರಾಮ ಎಂದು ಬರೆಯುವುದು ರೂಢಿ, ಆದರೆ ಆರಾಮ ಇಲ್ಲ. ಮನೆ ಮುಂದೆ ಗಾಡಿ ನಿಂತ ಸದ್ದಾದರೆ ಸಾಕು, ಇಬ್ಬರೂ ಕಿಟಕಿಗೆ ಓಡುತ್ತೇವೆ. ರಂಜನಾ ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಾಳೆ, ನಾನು ಜಪಕ್ಕೆ ಕೂತು ಎಲ್ಲಿಗೆ ಬಂದೆ ಎಂಬುದನ್ನೇ ಮರೆಯುತ್ತೇನೆ. ಫೋನಿನಲ್ಲಿ ಬಾಯಿ ತೆರೆದರೆ "ಅವ್ವಾ, ಕೇಸಿನ ಮಾತು ಫೋನಿನ್ಯಾಗ ಬ್ಯಾಡ ಅಂದಾರ ವಕೀಲರು" ಎಂದು ಇಟ್ಟುಬಿಡುತ್ತೀ. ಕಾಗದ ಬರೆಯಬೇಡಿ ಎಂದು ನಿನ್ನ ವಕೀಲರು ನನಗೇನೂ ಹೇಳಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬರುವ ಸೋಮವಾರ ಅಲ್ಲೇ ವೈದ್ಯಕೀಯ ಪರಿಷತ್ತಿನ ಮುಂದೆ ನಿನ್ನ ವಿಚಾರಣೆ, ಅದಕ್ಕೆಂದೇ ಮೊದಲೇ ಹೋಗಿ ವಕೀಲರ ಹತ್ತಿರ ಕೂತಿದ್ದೀ. ಮಲ್ಲಮ್ಮನ ಗಂಡ ಬೀರೇಶ ಕೊಟ್ಟ ದೂರಿಗೆ ನೀನೂ ವಕೀಲರೂ ಕಳಿಸಿದ ಉತ್ತರವನ್ನು ರಂಜನಾ ನನಗೆ ಓದಿ, ಕನ್ನಡದಲ್ಲಿ ಬಿಡಿಸಿ ಹೇಳಿದಳು. ಹೆರಿಗೆಯಾದ ಮೇಲೆ ಮಲ್ಲಮ್ಮನಿಗೆ ರಕ್ತ ನಿಲ್ಲುತ್ತಿಲ್ಲವೆಂದು ನರ್ಸ್ ಸುಲ್ತಾನಾ ನಿನಗೆ ತಿಳಿಸಲೇ ಇಲ್ಲವಂತೆ. ಯಾರೂ ನಿನ್ನನ್ನು ಕರೆಯಲು ಬರಲಿಲ್ಲವಂತೆ. ಇನ್ನೊಮ್ಮೆ ಓದು ಎಂದೆ. ಅವಳು ಓದಲಿಲ್ಲ, ಎದ್ದು ಒಳಗೆ ಹೋದಳು.

ಅವತ್ತು ನಿನ್ನ ಅಪ್ಪನ ಶ್ರಾದ್ಧ. ನಸುಕಿನಲ್ಲೇ ಮಲ್ಲಮ್ಮನ ಆಪರೇಶನ್ ಮುಗಿಸಿ, ತಾಯಿ ಮಗು ಚೆನ್ನಾಗಿದ್ದಾರೆಂದು ನಗುತ್ತ ಬಂದು ಸ್ನಾನ ಮಾಡಿ ಮಡಿ ಉಟ್ಟೆ. ಮಡಿಯಲ್ಲಿ ಮುಟ್ಟುವಂತಿಲ್ಲವೆಂದು ಫೋನು ಬಂದ್ ಮಾಡಿ ಕಪಾಟಿನಲ್ಲಿಟ್ಟೆ. ಫೋನು ಹತ್ತದಿದ್ದಾಗ ಸುಲ್ತಾನಾ ಆಂಬುಲೆನ್ಸ್ ಓಡಿಸುವ ರಾಜಮಹ್ಮದನನ್ನು ಮನೆಗೆ ಅಟ್ಟಿದಳು. ಶ್ರಾದ್ಧದ ದಿನ ಹೊರಗಿನವರು ಒಳಗೆ ಕಾಲಿಡುವುದಿಲ್ಲ ಎಂಬುದು ಪಾಪ ಅವನಿಗೆ ಗೊತ್ತು. ಹಿತ್ತಲ ಬಾಗಿಲಾಚೆಯೇ ನಿಂತು "ಆಯೀ, ಸಾಹೇಬ್ರನ್ನ ಲಗೂನ ಕಳಸ್ರಿ, ಆ ಹೆಣ್ಣಮಗಳಿಗೆ ರಕ್ತ ನಿಂದ್ರವಲ್ದು" ಎಂದು ಕೂಗಿದ. ನಾನೇ ಬಂದು ನಿನಗೆ ಹೇಳಿದೆ. ಬ್ರಾಹ್ಮಣರು ಎಲೆಯ ಮುಂದೆ ಕೂತಿದ್ದರು, ನಿನ್ನ ಕೈಯಲ್ಲಿ ತುಪ್ಪದ ಗಿಂಡಿ ಇತ್ತು. ಅವರು ಉಂಡು ತೃಪ್ತರಾಗಿ ಏಳುವವರೆಗೆ ಶ್ರಾದ್ಧ ಮಾಡುವವನು ಮನೆ ಬಿಟ್ಟು ಕದಲಬಾರದು ಎಂಬುದೊಂದೇ ನಿನ್ನ ತಲೆಯಲ್ಲಿ. "ಸಲಾಯಿನ್ ಏರಸಂತ ಹೇಳವ್ವಾ, ಎಲಿ ಎದ್ದ ಕೂಡಲೇ ಬರ್ತೇನಿ" ಎಂದೆ. ಎರಡನೇ ಸಲ ಅವನು ಬಂದಾಗ ಅಂಗಿಯ ತೋಳಿಗೆ ರಕ್ತ ಹತ್ತಿತ್ತು. ಮತ್ತೆ ಹೇಳಿದೆ. ಸುಮ್ಮನಿರು ಎಂದು ನೀನು ನನಗೇ ಕೈ ಮಾಡಿದೆ. ನೀನು ಹೋಗಿ ನೋಡುವಷ್ಟರಲ್ಲಿ ಕೈಮೀರಿತ್ತು, ಬಾಗಲಕೋಟೆಗೆ ಒಯ್ಯುವಾಗ ಅಮೀನಗಡ ದಾಟುವ ಮೊದಲೇ ಆ ಹುಡುಗಿ ಹೋಯಿತು.

ಹೋದ ವಾರ ಬಾದಾಮಿಗೆ ಹೋದಾಗ ಅವತ್ತು ಶ್ರಾದ್ಧ ಮಾಡಿಸಿದ ಆಚಾರ್ಯರನ್ನೇ ಕೇಳಿದೆ. ಅವರಿಗೆ ಸಂಗತಿಯೇ ಗೊತ್ತಿರಲಿಲ್ಲ. ಕೇಳಿ ತಲೆ ಮೇಲೆ ಕೈ ಹೊತ್ತು ಕೂತರು. "ಒಂದ ಮಾತು ನಮ್ಮ ಕಿವಿಗೆ ಹಾಕಿದ್ರ ನಾವ ಎದ್ದು ಅವರನ್ನ ಕಳಸ್ತಿದ್ವಿ ತುಳಸೀಬಾಯಿ. ಶ್ರಾದ್ಧ ಅಮಾಸಿಗೆ ಮಾಡಿದ್ರೂ ನಡೀತಿತ್ತು" ಎಂದರು. ಕೇಳಿದ್ದರೆ ಮುಗಿದೇ ಹೋಗುತ್ತಿತ್ತು ನೋಡು. ನಿನ್ನ ಅಪ್ಪ ಕಲಾದಗಿ ಶಾಲೆಯಲ್ಲಿದ್ದಾಗ ಒಬ್ಬ ಹುಡುಗ ಚಕ್ಕರ್ ಬಂದು ಬಿದ್ದರೆ ಪಾಠ ಅಲ್ಲಿಗೇ ಬಿಟ್ಟು ಹೆಗಲ ಮೇಲೆ ಹೊತ್ತು ಓಡಿದ ಮನುಷ್ಯ. ಅವತ್ತಿನ ಆ ಅನ್ನ ಅವರಿಗೆ ಮುಟ್ಟಿತೆಂದು ನನಗೆ ಅನ್ನಿಸುವುದಿಲ್ಲ.

ಅಲ್ಲಿಂದ ಬರುವಾಗ ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ಬೀರೇಶನ ತಾಯಿ ರಂಗವ್ವ ಎದುರಾದಳು. ಕಂಕುಳಲ್ಲಿ ಆ ಕೂಸು, ಅದರ ಹಣೆಗೆ ಬೀರಪ್ಪ ದೇವರ ಭಂಡಾರದ ಅರಿಷಿಣ. ದುಂಡುದುಂಡಗಿದೆ, ಕಂಡಕಂಡವರ ಸೆರಗು ಜಗ್ಗುತ್ತದೆ, ನನ್ನದನ್ನೂ ಜಗ್ಗಿತು. ನನ್ನ ಗುರುತು ಹಿಡಿದು ರಂಗವ್ವ ಬೈಯುತ್ತಾಳೇನೋ ಎಂದುಕೊಂಡೆ. ಬೈದಿದ್ದರೆ ಸುಖವಿತ್ತು. "ಅವತ್ತ ಡಾಕ್ಟರ್ ಸಾಹೇಬ್ರು ಎಲ್ಲಿದ್ದರ್ರಿ ಯವ್ವಾ?" ಎಂದಷ್ಟೇ ಕೇಳಿದಳು. ಬಸ್ಸು ಬಂತು ಎಂದು ನೆವ ಹೇಳಿ ಹತ್ತಿದೆ. ಇಳಕಲ್ಲ ಬರುವವರೆಗೆ ಕಿಟಕಿಯ ಕಡೆ ಮುಖ ಮಾಡಿಯೇ ಕೂತಿದ್ದೆ.

ನೀನು ಕೆಟ್ಟವನಲ್ಲ, ಹೆತ್ತವಳಿಗೆ ಅಷ್ಟು ಗೊತ್ತು. ಈ ಊರಿನ ಎಷ್ಟೋ ಮಕ್ಕಳು ನಿನ್ನ ಕೈಯಲ್ಲೇ ಕಣ್ಣು ಬಿಟ್ಟಿವೆ. ನಿನ್ನ ಮೇಲೆ ಸಿಟ್ಟಿದೆ, ಸಿಟ್ಟಿಗಿಂತ ಹೆದರಿಕೆ ದೊಡ್ಡದು. ಡಾಕ್ಟರಿಕೆ ಮಾಡಬಾರದೆಂದು ವರ್ಷಗಟ್ಟಲೆ ಕೂರಿಸಿದರೆ? ಹೆಸರನ್ನೇ ತೆಗೆದುಹಾಕಿದರೆ? ಇಷ್ಟು ಓದಿ, ನಿದ್ದೆಗೆಟ್ಟು ಕಟ್ಟಿದ ದವಾಖಾನೆಗೆ ಬೀಗ ಬಿದ್ದರೆ ನಿನ್ನ ಮುಖ ಹೇಗೆ ನೋಡಲಿ? ಆದರೆ ಅದಕ್ಕಿಂತ ಹೆಚ್ಚು ಹೆದರಿಸುವುದು ಇನ್ನೊಂದು. ನೀನು ಬಚಾವಾಗಿ ಬಂದರೆ? ಅಂಗಲಾಚಿ ಆಳು ಕಳಿಸಿದ ಸುಲ್ತಾನಾಳ ತಲೆಗೆ ಎಲ್ಲವನ್ನೂ ಕಟ್ಟಿ, ಎರಡು ಸಲ ಓಡಿಬಂದ ರಾಜಮಹ್ಮದನನ್ನು ಸುಳ್ಳುಗಾರನನ್ನಾಗಿ ಮಾಡಿ, ನೀನು ನಗುತ್ತ ಬಂದು ಊಟಕ್ಕೆ ಕೂತರೆ ನಾನು ಯಾವ ಕೈಯಿಂದ ಬಡಿಸಲಿ ಹೇಳು.

ತಲೆಗೆ ಬಂದದ್ದೆಲ್ಲ ಬರೆದೆ, ಬೇಸರ ಮಾಡಿಕೊಳ್ಳಬೇಡ. ರಾಯರು ನಿನಗೆ ಆರೋಗ್ಯ ಕೊಡಲಿ, ಆ ಹೊತ್ತಿಗೆ ಬೇಕಾದ ಧೈರ್ಯವನ್ನೂ ಕೊಡಲಿ. ನಿನ್ನ ಕಡೆಯಿಂದ ಏನು ಬರೆಯಲಿ ಎಂದು ರಂಜನಾಳನ್ನು ಕೇಳಿದ್ದಕ್ಕೆ, ಸರಿಯಾಗಿ ಉಣ್ಣಲು ಹೇಳಿ ಎಂದಳು, ಅಷ್ಟೇ.

ನಿನ್ನ ಅವ್ವ
ತುಳಸೀಬಾಯಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಬರೆಯದಿದ್ದರೆ ಇನ್ನು ಬರೆಯಲಾರೆ. ರಾಜಮಹ್ಮದ ಸಾಕ್ಷಿಗೆಂದು ನನ್ನ ಹೆಸರು ಕೊಟ್ಟಿದ್ದಾನೆ. ಪರಿಷತ್ತಿನಿಂದ ನನಗೂ ನೋಟಿಸು ಬಂದಿದೆ. ನಿನಗೆ ಹೇಳಬೇಡವೆಂದು ರಂಜನಾಳನ್ನು ತಡೆದವಳು ನಾನೇ. ಭಾನುವಾರ ಸಂಜೆಯ ಬಸ್ಸಿಗೆ ಟಿಕೆಟ್ ತೆಗೆಸಿದ್ದೇನೆ. ಕೇಳಿದರೆ ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ, ನನ್ನಿಂದ ಬೇರೆ ಏನೂ ಆಗುವುದಿಲ್ಲ. ಅಲ್ಲಿ ಮೊದಲು ನಿನ್ನನ್ನು ಕರೆಯುತ್ತಾರಂತೆ ಮಗನೇ, ನನ್ನನ್ನು ಆಮೇಲೆ.