ಉರಿಯುವ ಭಟ್ಟಿ, ಒಣಗಿದ ಬಾಯಿ

ಜಿಂಗ್‌ಡೆಜೆನ್

ಅಕ್ಕಾ,

ಇಲ್ಲಿ ಪಿಂಗಾಣಿ ಭಟ್ಟಿಯ ಕಿಂಡಿಯೊಳಗೆ ಫೆಂಗ್ ಮೇಸ್ತ್ರಿ ಉಗುಳುತ್ತಾರೆ. ಉಗುಳು ಆರುವ ಬಗೆ ನೋಡಿ ಬೆಂಕಿ ನಿಲ್ಲಿಸುತ್ತಾರೆ. ಹೋದ ಸಲ ಇಡೀ ಭಟ್ಟಿಯ ಪಾತ್ರೆ ಕೆಟ್ಟಿತ್ತು. ಇವತ್ತು ಪಾತ್ರೆ ಸುಡಲು ಕೊಟ್ಟವರೆಲ್ಲ ಬೆನ್ನ ಹಿಂದೆಯೇ ನಿಂತಿದ್ದರು. ಹೆದರಿಕೆಗೆ ಮೇಸ್ತ್ರಿಯ ಬಾಯಿ ಒಣಗಿಹೋಯಿತು.

"ನೀನು ಉಗುಳೋ, ನಾನು ನೋಡ್ತೀನಿ. ಬೇಗ!" ಎಂದು ನನ್ನನ್ನು ಎಳೆದರು.

"ನಂದೂ ಒಣಗಿದೆ ಮೇಸ್ತ್ರಿ!"

"ಸೌದೆ ಹಾಕೋನಿಗೆ ಎಂಥಾ ಭಯವೋ, ಮುಠ್ಠಾಳ!"

ಕಣ್ಣು ಮುಚ್ಚಿ ನಿನ್ನ ಮೂಲಂಗಿ ಉಪ್ಪಿನಕಾಯಿ ನೆನೆದೆ. ಬಾಯಲ್ಲಿ ನೀರೂರಿತು, ಉಗುಳಿದೆ.

"ನಿಲ್ಸ್ರೋ ಬೆಂಕಿ!" ಎಂದು ಮೇಸ್ತ್ರಿ ಕೂಗಿದರು.

ನನ್ನ ಕೈಯ ಸುಟ್ಟಗಾಯ ಮಾಯುತ್ತಿದೆ, ಚಿಂತೆ ಬೇಡ. ನಾಳೆ ಭಟ್ಟಿಯ ಬಾಗಿಲು ತೆಗೆಯುತ್ತಾರೆ. ಒಂದು ಭರಣಿ ಉಪ್ಪಿನಕಾಯಿ ತುಂಬಿಡು. ಪಾತ್ರೆ ಉಳಿದರೆ ಕಳಿಸೆಂದು ಬರೆಯುತ್ತೇನೆ. ಕೆಟ್ಟರೆ ಕಾಗದ ಬರುವುದಿಲ್ಲ, ನಾನೇ ಬರುತ್ತೇನೆ.

ತಮ್ಮ,
ಶುಯಿಗೆನ್